ಹದಿನಾಲ್ಕು ಜಾಗದ ಪ್ಯಾಕೇಜು: ಮೈಸೂರಿನಿಂದ ಮುರುಡೇಶ್ವರ, ಗೋಕರ್ಣಕ್ಕೆ

ದಸರಾ ಮುಗಿದು ಮಳೆ ಹಿಂದೆ ಸರಿಯುತ್ತಿದ್ದ ಹಾಗೆ ಮೈಸೂರು, ಮಂಡ್ಯದ ಟ್ರಾವೆಲ್ಸ್ ಅಂಗಡಿಗಳ ಮುಂದೆ ಒಂದು ಬೋರ್ಡು ಬಂದು ಕೂರುತ್ತದೆ. ಅಂಗಡಿ ಬೇರೆಯಾದರೂ ಬೋರ್ಡಿನ ಸಾಲುಗಳು ಹೆಚ್ಚು ಕಡಿಮೆ ಒಂದೇ: ಉಡುಪಿ, ಮಲ್ಪೆ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಹೊನ್ನಾವರ ಬೋಟಿಂಗ್, ಧಾರೇಶ್ವರ, ಯಾಣ, ವಿಭೂತಿ ಜಲಪಾತ, ಮಿರ್ಜಾನ್ ಕೋಟೆ, ಗೋಕರ್ಣ, ಓಂ ಬೀಚ್, ಕಾರವಾರ. ಎಣಿಸಿದರೆ ಹದಿನಾಲ್ಕು. ಗುರುವಾರ ರಾತ್ರಿ ಟೆಂಪೋ ಟ್ರಾವೆಲರ್ ಹತ್ತಿದರೆ ಸೋಮವಾರ ಬೆಳಗಿನ ಜಾವ ಮನೆ. 'ಮೂರು ಹಗಲು, ನಾಲ್ಕು ರಾತ್ರಿ' ಎಂದು ಬರೆದಿರುತ್ತಾರೆ. ನಾಲ್ಕು ರಾತ್ರಿಯಲ್ಲಿ ಲಾಡ್ಜಿನ ಹಾಸಿಗೆ ಸಿಗುವುದು ಎರಡು ರಾತ್ರಿಗೆ, ಉಳಿದೆರಡು ಗಾಡಿಯ ಸೀಟಿನಲ್ಲೇ ಎಂಬುದನ್ನು ಬರೆದಿರುವುದಿಲ್ಲ.

ಈ ಪ್ಯಾಕೇಜಿಗೆ ಐದಕ್ಕೆ ಎರಡೂವರೆ. ಹೋಗುವ ಊರುಗಳಿಗೆ ಐದಕ್ಕೆ ಐದು. ಈ ಎರಡೂವರೆ ಅಂಕ ಎಲ್ಲಿ ಸೋರಿಹೋಗುತ್ತದೆ ಎಂದು ತಿಳಿಯಲು ಮೊದಲು ಆ ನೆಲದ ಆಕಾರ ನೋಡಬೇಕು.

ಮಂಗಳೂರಿನ ಕಡೆ ಘಟ್ಟಕ್ಕೂ ಕಡಲಿಗೂ ನಡುವೆ ಅಗಲವಾದ ನೆಲವಿದೆ. ಉತ್ತರ ಕನ್ನಡಕ್ಕೆ ಬಂದರೆ ಘಟ್ಟ ಕಡಲಿನ ಹತ್ತಿರಕ್ಕೇ ಬರುತ್ತದೆ, ಅದರ ಮೊಣಕಾಲುಗಳು ನೀರಿಗೇ ಇಳಿಯುತ್ತವೆ. ಮುರುಡೇಶ್ವರದ ದೇವಸ್ಥಾನ ಇರುವ ಕಂದುಕ ಗಿರಿಗೆ ಮೂರು ಕಡೆ ಕಡಲು. ಗೋಕರ್ಣಕ್ಕೆ ಪಡುವಣದಲ್ಲಿ ಕಡಲು, ಬಡಗಲಲ್ಲಿ ಗಂಗಾವಳಿ ನದಿಯ ಬಾಯಿ, ತೆಂಕಲಲ್ಲಿ ಅಘನಾಶಿನಿಯ ಬಾಯಿ. ಊರು ಒಂದು ಪರ್ಯಾಯ ದ್ವೀಪದ ತುದಿಯಲ್ಲಿ ಕೂತಂತೆ. ಅಲ್ಲಿ ಒಂದೊಂದು ಬೀಚೂ ಎರಡು ಗುಡ್ಡದ ನಡುವಿನ ಬಟ್ಟಲು. ಪಕ್ಕದ ಬೀಚಿಗೆ ಗುಡ್ಡ ಹತ್ತಿ ಇಳಿದರೆ ಅರ್ಧ ಗಂಟೆ ಸಾಕು. ಗಾಡಿಯಲ್ಲಿ ಹೋಗಬೇಕೆಂದರೆ ವಾಪಸ್ ಊರಿಗೆ ಬಂದು ಸುತ್ತಬೇಕು. ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ಹೊಳೆ ದಾಟಲು ಕೆಲವೇ ನಿಮಿಷ. ಅದೇ ಎದುರು ದಡಕ್ಕೆ ಟೆಂಪೋದಲ್ಲಿ ಹೋಗಲು ಹೆದ್ದಾರಿಗೆ ಬಂದು, ಕುಮಟಾ ಮುಟ್ಟಿ, ಮತ್ತೆ ಕಡಲ ಕಡೆಗೆ ತಿರುಗಬೇಕು. ನಕ್ಷೆಯಲ್ಲಿ ಒತ್ತೊತ್ತಾಗಿ ಕಾಣುವ ಊರುಗಳು ಚಕ್ರದ ಮೇಲೆ ದೂರವಾಗುವುದು ಇದಕ್ಕೇ. ಬೋರ್ಡು ಬರೆದವರು ನೋಡಿದ್ದು ನಕ್ಷೆಯನ್ನು.

ಕಿಲೋಮೀಟರ್ ಲೆಕ್ಕಕ್ಕೆ ಬರೋಣ, ದುಡ್ಡು ಹೋಗುವುದು ಇಲ್ಲೇ. ಮೈಸೂರಿನಿಂದ ಮಡಿಕೇರಿ, ಸುಳ್ಯ, ಪುತ್ತೂರು ದಾರಿಯಲ್ಲಿ ಮಂಗಳೂರಿಗೆ ಸುಮಾರು 255 ಕಿ.ಮೀ. ಅಲ್ಲಿಂದ ಮುರುಡೇಶ್ವರಕ್ಕೆ ಇನ್ನೂ 150 ಚಿಲ್ಲರೆ. ಉಡುಪಿ ಬಿಟ್ಟು ಕೊಲ್ಲೂರಿಗೆ ಒಳಗೆ ತಿರುಗುವುದು, ಯಾಣದ ಸುತ್ತು, ಕಾರವಾರಕ್ಕೆ ಹೋಗಿ ಬರುವ 120, ವಾಪಸ್ ಬರುವ 460, ಎಲ್ಲ ಕೂಡಿಸಿದರೆ 1,200ರ ಆಸುಪಾಸು. ಗಾಡಿಯನ್ನು ನೀವೇ ಮಾತಾಡಿಕೊಂಡರೆ ಬಾಡಿಗೆ ಹೇಳುವುದು ಕಿ.ಮೀ.ಗೆ ಇಷ್ಟು, ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ., ಮೇಲೆ ಡ್ರೈವರ್ ಬಾಟಾ ಎಂದು. 'ದಿನ' ಅಂದರೆ 24 ಗಂಟೆಯಲ್ಲ, ಕ್ಯಾಲೆಂಡರಿನ ತಾರೀಖು. ಗುರುವಾರ ರಾತ್ರಿ ಹತ್ತಕ್ಕೆ ಹೊರಟು ಸೋಮವಾರ ಬೆಳಗ್ಗೆ ಆರಕ್ಕೆ ಬಂದರೆ ಐದು ತಾರೀಖು ಮುಟ್ಟಿದ ಹಾಗೆ. 300ರ ಲೆಕ್ಕದಲ್ಲಿ 1,500 ಕಿ.ಮೀ.ಗೆ ಬಿಲ್ಲು, ಓಡಿದ್ದು 1,200. ಅದೇ ಶುಕ್ರವಾರ ನಸುಕಿನ ನಾಲ್ಕಕ್ಕೆ ಹೊರಟು ಭಾನುವಾರ ರಾತ್ರಿ ಹನ್ನೆರಡರೊಳಗೆ ಗಾಡಿ ಶೆಡ್ಡು ಸೇರಿದರೆ ಮೂರೇ ತಾರೀಖು, ಬಿಲ್ಲು ಓಡಿದಷ್ಟಕ್ಕೇ. ಮೀಟರ್ ಎಣಿಸುವುದು ನಿಮ್ಮ ಮನೆ ಬಾಗಿಲಿನಿಂದಲ್ಲ, ಶೆಡ್ಡಿನಿಂದ ಶೆಡ್ಡಿಗೆ. ಮಂಡ್ಯದವರು ಮೈಸೂರಿನ ಗಾಡಿ ಹಿಡಿದರೆ ಹೋಗಿ ಬರುವ ಸುಮಾರು 90 ಕಿ.ಮೀ. ಮೊದಲೇ ಸೇರಿಕೊಳ್ಳುತ್ತದೆ. ಟೋಲ್, ಪಾರ್ಕಿಂಗ್ ಯಾರ ತಲೆಗೆ ಎಂಬುದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತಿಗೆ ಬೆಲೆಯಿಲ್ಲ.

ಹಳದಿ ಬೋರ್ಡಿನ ಗಾಡಿಯೇ ಆಗಬೇಕು. ಬಿಳಿ ಬೋರ್ಡಿನದು ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಸ್ವಂತ ಬಳಕೆಗೆಂದು ನೋಂದಾಯಿಸಿದ ಗಾಡಿಯನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ ಇನ್ಷೂರೆನ್ಸ್ ಕಂಪನಿ ಕೈ ಎತ್ತಲು ಅದೊಂದೇ ಕಾರಣ ಸಾಕು. ಇನ್ನೊಂದು ಪ್ರಶ್ನೆ ಡ್ರೈವರ್ ಎಷ್ಟು ಜನ ಎಂಬುದು. ರಾತ್ರಿಯೆಲ್ಲ ಸಂಪಾಜೆ ಘಾಟಿಯ ತಿರುವುಗಳಲ್ಲಿ ಗಾಡಿ ಇಳಿಸಿದವರೇ ಹಗಲು ಕೊಲ್ಲೂರು, ಮುರುಡೇಶ್ವರ ಎಂದು ಓಡಿಸುತ್ತಿದ್ದರೆ ಆ ಪ್ಯಾಕೇಜು ಎಷ್ಟು ಅಗ್ಗವಾದರೂ ಬೇಡ. ಪ್ರಯಾಣಿಕರು ಸೀಟಿನಲ್ಲಾದರೂ ನಿದ್ದೆ ಹೊಡೆದಿರುತ್ತಾರೆ, ಡ್ರೈವರ್ ಅದನ್ನೂ ಕಂಡಿರುವುದಿಲ್ಲ.

ಪ್ಯಾಕೇಜಿನಲ್ಲಿ ಕೈಕೊಡುವ ದೊಡ್ಡ ಜಾಗ ಗೋಕರ್ಣದ ದೇವಸ್ಥಾನ. ಎರಡನೇ ದಿನದ ಪಟ್ಟಿ ಹೀಗಿರುತ್ತದೆ: ಬೆಳಗ್ಗೆ ಮುರುಡೇಶ್ವರ ಬಿಟ್ಟು ಇಡಗುಂಜಿ, ಆಮೇಲೆ ಯಾಣ, ಮಿರ್ಜಾನ್, ಮಧ್ಯಾಹ್ನಕ್ಕೆ ಗೋಕರ್ಣ. ಮಹಾಬಲೇಶ್ವರನ ಬಾಗಿಲು ಹನ್ನೆರಡೂವರೆ ಹೊತ್ತಿಗೆ ಹಾಕಿದರೆ ಮತ್ತೆ ತೆರೆಯುವುದು ಸಂಜೆ ಐದಕ್ಕೆ. ಆ ಪಟ್ಟಿಯಲ್ಲಿ ಓಡಿದವರು ಊರು ಮುಟ್ಟುವಾಗ ಒಂದೂವರೆ, ಎರಡು. ಖಾಲಿ ಹೊತ್ತು ತುಂಬಲು ಗಾಡಿಯನ್ನು ಓಂ ಬೀಚಿಗೆ ತಿರುಗಿಸುತ್ತಾರೆ. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ, ಮರಳು ಕಾದಿರುವಾಗ, ಮೆಟ್ಟಿಲು ಇಳಿದು ಅದೇ ಮೆಟ್ಟಿಲು ಹತ್ತಿ ಬಂದ ಹಿರಿಯರು ಸಂಜೆ ಸರತಿಯಲ್ಲಿ ನಿಲ್ಲುವ ತ್ರಾಣ ಕಳೆದುಕೊಂಡಿರುತ್ತಾರೆ. ಮಾಡಬೇಕಾದದ್ದು ಇದರ ತಿರುವುಮುರುವು: ಹಿಂದಿನ ಸಂಜೆಯೇ ಗೋಕರ್ಣ ಸೇರಿ ಅಲ್ಲೇ ತಂಗಿ, ಬೆಳಗ್ಗೆ ಆರೂವರೆಗೆ ದರ್ಶನ, ಆಮೇಲೆ ತಿಂಡಿ. ಗಂಡಸರು ಪಂಚೆ ಉಟ್ಟಿರಬೇಕು, ಅಂಗಿ ತೆಗೆಯಬೇಕು. ಪ್ಯಾಂಟು, ಬರ್ಮುಡಾ ನಡೆಯುವುದಿಲ್ಲ. ಮನೆಯಿಂದ ಪಂಚೆ ತಂದಿದ್ದರೆ ರಥಬೀದಿಯಲ್ಲಿ ಚೌಕಾಸಿ ತಪ್ಪುತ್ತದೆ. ಶಿವರಾತ್ರಿಯ ವಾರದಲ್ಲಿ ಮಾತ್ರ ಈ ಯಾವ ಲೆಕ್ಕವೂ ನಿಲ್ಲದು. ರಥ ನೋಡುವ ಆಸೆಯಿದ್ದರೆ ಹೋಗಿ, ಬೀಚು ನೋಡಲು ಆ ವಾರ ಬೇಡ.

ಗೋಕರ್ಣದ ಬೀಚುಗಳಿಗೆ ಕಾಲೇ ಸರಿ. ಕುಡ್ಲೆಯಿಂದ ಓಂ, ಓಂನಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್: ಒಂದೊಂದರ ನಡುವೆ ಇಪ್ಪತ್ತರಿಂದ ಮೂವತ್ತು ನಿಮಿಷದ ಹಾದಿ, ನಿಧಾನವಾಗಿ ನಡೆದರೆ ಎಲ್ಲ ಸೇರಿ ಎರಡು ಗಂಟೆ. ಕುಡ್ಲೆ–ಓಂ ನಡುವಿನ ದಾರಿ ಸಲೀಸು. ಓಂ ದಾಟಿದ ಮೇಲೆ ಜಂಬಿಟ್ಟಿಗೆಯ (ತೂತುತೂತಿನ ಕೆಂಪುಕಲ್ಲು) ಉರುಳುಕಲ್ಲು, ಬೇರು, ಒಂದು ಬದಿ ಕಡಲಿಗೆ ಇಳಿಜಾರು. ಹಾಫ್ ಮೂನ್‌ನಿಂದ ಪ್ಯಾರಡೈಸ್‌ಗೆ ಹೋಗುವಾಗ ಬಂಡೆಗಳ ಮೇಲೆ ಕಾಲಿಡಬೇಕು. ಉಬ್ಬರದ ಹೊತ್ತಿನಲ್ಲಿ ಕೆಳಗಿನ ಬಂಡೆಗಳಿಗೆ ನೀರು ಬಂದು ಪಾಚಿ ಒದ್ದೆಯಾಗಿರುತ್ತದೆ, ಜಾರುವುದು ಅಲ್ಲೇ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಶೂ ಇರಲಿ. ತಲೆಗೆ ಎರಡು ಲೀಟರ್ ನೀರು ಇಟ್ಟುಕೊಳ್ಳಿ. ಸೂರ್ಯಾಸ್ತ ನೋಡಿ ಹೊರಡುವ ಯೋಚನೆ ಇದ್ದರೆ ಟಾರ್ಚ್ ಬೇಕು, ಕಾಡಿನ ಹಾದಿಯಲ್ಲಿ ದೀಪವಿಲ್ಲ. ಸೀಸನ್ನಿನಲ್ಲಿ ವಾಪಸ್ ಬರಲು ದೋಣಿ ಸಿಗುತ್ತದೆ. ಕತ್ತಲಾದ ಮೇಲೆ ಕೇಳಿದ ದರ ಕೊಡಬೇಕಾಗುವುದರಿಂದ ನಾಲ್ಕೂವರೆ ಐದಕ್ಕೇ ಮಾತು ಮುಗಿಸಿ, ಲೈಫ್ ಜಾಕೆಟ್ ಕಂಡರೆ ಮಾತ್ರ ಹತ್ತಿ. ಓಂ ಎಂಬ ಹೆಸರು ಬಂದದ್ದು ಎರಡು ಅರ್ಧಚಂದ್ರ ಕೂಡಿದ ಆ ಆಕಾರದಿಂದ. ಮರಳಿನ ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ, ಗುಡ್ಡದ ಮೇಲಿನಿಂದ ನೋಡಬೇಕು.

ಈಜಿನ ಮಾತು. ಮೈಸೂರು ಸೀಮೆಯವರ ಈಜು ಕಾವೇರಿ, ಬಾವಿ, ನಾಲೆಯಲ್ಲಿ ಕಲಿತದ್ದು. ಕಡಲಿನ ಸೆಳೆತ ಬೇರೆ. ದಡಕ್ಕೆ ಬಡಿದ ನೀರು ಹಿಂತಿರುಗಲು ಒಂದು ಕಿರಿದಾದ ಓಣಿ ಮಾಡಿಕೊಳ್ಳುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಆ ಜಾಗವನ್ನೇ ಸುರಕ್ಷಿತ ಎಂದುಕೊಂಡು ಜನ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಿ ಗೆಲ್ಲಲಾಗದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಂದ ಮೇಲೆ ದಡದ ಕಡೆ ತಿರುಗಬೇಕು. ಮುರುಡೇಶ್ವರದ ಬೀಚು ಚಪ್ಪಟೆಯಾಗಿದೆ, ಮಕ್ಕಳಾಟದ ನೀರು ಎನ್ನಿಸುತ್ತದೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡದ್ದು ಅಲ್ಲೇ. ಕೆಂಪು ಬಾವುಟ ಕಂಡರೆ ಪಾದ ಒದ್ದೆ ಮಾಡಿಕೊಂಡು ಬನ್ನಿ. ಮೊಣಕಾಲು ಮೀರಿ ನೀರಿಗೆ ಇಳಿಯದಿರುವುದನ್ನು ಟೂರ್ ಮ್ಯಾನೇಜರ್ ಅಲ್ಲ, ಮನೆಯವರೇ ನೋಡಿಕೊಳ್ಳಬೇಕು.

ಮುರುಡೇಶ್ವರದ ಗೋಪುರ 20 ಅಂತಸ್ತು, 237.5 ಅಡಿ. ಲಿಫ್ಟು 18ನೇ ಅಂತಸ್ತಿಗೆ ಒಯ್ಯುತ್ತದೆ. ಕಂದುಕ ಗಿರಿ ಕಡಲಿಗೆ ಹೇಗೆ ಚಾಚಿದೆ ಎನ್ನುವುದು, 123 ಅಡಿಯ ಶಿವ ಮೇಲಿನಿಂದ ಎಷ್ಟು ಕಾಣುತ್ತಾನೆ ಎನ್ನುವುದು ತಿಳಿಯುವುದು ಅಲ್ಲಿಂದಲೇ. ಭಾನುವಾರ ಮಧ್ಯಾಹ್ನ ಲಿಫ್ಟಿನ ಸರತಿಯಲ್ಲಿ ಒಂದು ಗಂಟೆ ಸುಟ್ಟುಹೋಗುತ್ತದೆ. ತೆರೆದ ಮೊದಲ ಗಂಟೆಯಲ್ಲಿ ಹೋದರೆ ಹತ್ತು ನಿಮಿಷದ ಕೆಲಸ. ಇಲ್ಲೂ ದೇವಸ್ಥಾನ ಮಧ್ಯಾಹ್ನ ಮುಚ್ಚುತ್ತದೆ.

ಬೋರ್ಡಿನಲ್ಲಿ ಇಲ್ಲದ, ಇರಬೇಕಾದ ಊರು ಭಟ್ಕಳ. ಮುರುಡೇಶ್ವರದಿಂದ 15 ಕಿ.ಮೀ. ಹಿಂದೆ, ಬರುವ ದಾರಿಯಲ್ಲೇ ಸಿಗುತ್ತದೆ. ವಿಜಯನಗರ ಕಾಲದ ಕೇತಪೈ ನಾರಾಯಣ ದೇವಸ್ಥಾನದ ಹೊರಗೋಡೆಗಳ ಮೇಲೆ ರಾಮಾಯಣದ ಕೆತ್ತನೆಯಿದೆ, ಪೇಟೆಯೊಳಗೆ ಹಳೆಯ ಜೈನ ಬಸದಿ. ಸೋಮನಾಥಪುರ, ಬೇಲೂರು ನೋಡಿ ಬೆಳೆದ ಕಣ್ಣಿಗೆ ಇಲ್ಲಿನ ಕಲ್ಲಿನ ಇಳಿಜಾರು ಮಾಡು ಹೊಸದಾಗಿ ಕಾಣುತ್ತದೆ. ಹೆಂಚು, ಹುಲ್ಲಿನ ಮಾಡನ್ನೇ ಕಲ್ಲಿನಲ್ಲಿ ಮಾಡಿಟ್ಟ ಹಾಗೆ. ಅಲ್ಲಿ ಸುರಿಯುವ ಮಳೆಗೆ ಅದೇ ಸರಿ. ಎರಡಕ್ಕೂ ಸೇರಿ ಒಂದೂವರೆ ಗಂಟೆ. ಕಾರವಾರ ಬಿಟ್ಟರೆ ಆ ಹೊತ್ತು ತಾನಾಗಿ ಸಿಗುತ್ತದೆ.

ಕಾರವಾರ ಕೆಟ್ಟದ್ದೆಂದಲ್ಲ. ಟಾಗೋರ್ ಬೀಚಿನ ಮೇಲೆ ನಿಂತಿರುವ ಐಎನ್ಎಸ್ ಚಪಲ ನೌಕೆಯೊಳಗೆ ಮಕ್ಕಳನ್ನು ಓಡಾಡಿಸಿದರೆ ಅವರಿಗೆ ಅದೇ ಪ್ರವಾಸ. ಆದರೆ ಗೋಕರ್ಣದಿಂದ 60 ಕಿ.ಮೀ. ಉತ್ತರಕ್ಕೆ ಹೋಗಿ, ಒಂದು ಗಂಟೆ ಇದ್ದು, ಅದೇ ದಾರಿಯಲ್ಲಿ ತಿರುಗಿ ಮೈಸೂರಿನ ಕಡೆ ಬರುವುದಕ್ಕೆ ಅರ್ಧ ದಿನ ಬೇಕು. ಅಲ್ಲೊಂದು ರಾತ್ರಿ ತಂಗುವುದಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ಹೊಡೆದುಹಾಕಿ. ಕೊಲ್ಲೂರು, ಉಡುಪಿ ಕೂಡ ಹಾಗೇ. ಅವೆರಡಕ್ಕೆ ಬೇರೆಯದೇ ಒಂದು ವಾರಾಂತ್ಯ ಬೇಕು.

ಮಿರ್ಜಾನ್ ಕೋಟೆ ಹೆದ್ದಾರಿಯಿಂದ ಅರ್ಧ ಕಿ.ಮೀ. ಒಳಗೆ. ಪ್ಯಾಕೇಜಿನವರು ಇಪ್ಪತ್ತು ನಿಮಿಷ ಕೊಡುತ್ತಾರೆ, ಒಂದು ಗಂಟೆ ಕೇಳಿ. ಹತ್ತು ಎಕರೆಯಷ್ಟು ಜಾಗದಲ್ಲಿ ಪೂರ್ತಿ ಜಂಬಿಟ್ಟಿಗೆಯ ಕೋಟೆ. ಆ ಕಡೆಯವರು ಚಿರೆಕಲ್ಲು ಎನ್ನುತ್ತಾರೆ. ಶ್ರೀರಂಗಪಟ್ಟಣದ ಕಲ್ಲಿನ ಗೋಡೆ ನೋಡಿದವರಿಗೆ ಈ ತೂತುತೂತಿನ ಕೆಂಪುಕಲ್ಲು ಕೋಟೆ ಕಟ್ಟಲು ಆದೀತೇ ಅನ್ನಿಸಬಹುದು. ನೆಲದಲ್ಲಿರುವಾಗ ಮೆತ್ತಗೆ, ಕೊಡಲಿಯಂಥ ಹತಾರದಲ್ಲೇ ಇಟ್ಟಿಗೆಯಾಕಾರಕ್ಕೆ ಕಡಿಯಬಹುದು. ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಈ ಕೋಟೆ ಸೇರಿಕೊಂಡಿದೆ. ಪೋರ್ಚುಗೀಸರು ಆಕೆಯನ್ನು ಕರೆದದ್ದು ಕಾಳುಮೆಣಸಿನ ರಾಣಿ ಎಂದು. ಘಟ್ಟದ ಮೆಣಸು ಹೊಳೆಯಲ್ಲಿ ಇಳಿದು ಹಡಗು ಸೇರುವ ಜಾಗದಲ್ಲಿ ಕೋಟೆ ಇರುವುದನ್ನು ನೋಡಿದರೆ ಆ ಹೆಸರಿನ ಅರ್ಥ ಬಿಚ್ಚಿಕೊಳ್ಳುತ್ತದೆ. ಒಳಗೆ ಬಾವಿಗಳಿವೆ, ಕೆಲವಕ್ಕೆ ಕಟ್ಟೆ ತಗ್ಗು, ಮಕ್ಕಳ ಕೈ ಬಿಡಬೇಡಿ. ಮಳೆ ಮುಗಿದ ಹೊಸತರಲ್ಲಿ, ಅಕ್ಟೋಬರಿನಲ್ಲಿ, ಗೋಡೆಗಳೆಲ್ಲ ಹಸಿರು ಹೊದ್ದಿರುತ್ತವೆ, ಮೆಟ್ಟಿಲು ಅಷ್ಟೇ ಜಾರುತ್ತದೆ. ಮಾರ್ಚಿಗೆ ಹೋದರೆ ಒಣಹುಲ್ಲು ಮತ್ತು ಬಿಸಿಲು, ನೆರಳಿಲ್ಲ.

'ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ' ಎಂಬ ಗಾದೆ ಅಲ್ಲಿನದು. ರಸ್ತೆ ಬಂದ ಮೇಲೆ ಯಾಣಕ್ಕೆ ಅಷ್ಟು ಸೊಕ್ಕು ಬೇಕಿಲ್ಲ, ಆದರೂ ಕೊನೆಯ ನಡಿಗೆ, ಮೆಟ್ಟಿಲು ಉಳಿದಿವೆ. ಕಾಡಿನ ನಡುವೆ ಎದ್ದುನಿಂತ ಎರಡು ಕಪ್ಪು ಸುಣ್ಣಕಲ್ಲಿನ ಶಿಖರಗಳು: ಭೈರವೇಶ್ವರ 120 ಮೀಟರ್, ಮೋಹಿನಿ 90 ಮೀಟರ್. ಮಂಡಿ ನೋವಿನವರು ಗಾಡಿಯಲ್ಲೇ ಕೂರುವುದಾದರೆ ಆ ಅರ್ಧ ದಿನ ಅವರಿಗೆ ನಷ್ಟ. ಅವರನ್ನು ಕುಮಟಾದಲ್ಲಿ ರೂಮಿನಲ್ಲಿ ಬಿಟ್ಟು ಉಳಿದವರು ಹೋಗುವುದು ವಾಸಿ. ನೆಲ ಒದ್ದೆಯಿರುವಷ್ಟು ಕಾಲ ಉಂಬಳದ (ಜಿಗಣೆ) ಕಾಟ. ಸಾಕ್ಸಿನ ಮೇಲೆ ಉಪ್ಪು, ಸುಣ್ಣ ಸವರಿ, ಹತ್ತಿದ್ದನ್ನು ಕಿತ್ತೆಳೆಯದೆ ಉಪ್ಪು ಹಾಕಿ ಬೀಳಿಸಿ.

ಊಟದ ಬಗ್ಗೆ ಚಿಕ್ಕದಾಗಿ. ಪ್ಯಾಕೇಜಿನಲ್ಲಿ ಊಟ ಸೇರಿದ್ದರೆ ಅಡುಗೆಯವರನ್ನೇ ಗಾಡಿಯಲ್ಲಿ ಕರೆದೊಯ್ದು ರಸ್ತೆ ಬದಿಯಲ್ಲಿ ಚಿತ್ರಾನ್ನ, ಮೊಸರನ್ನ ಕೊಡುವುದುಂಟು. ಹಿರಿಯರಿಗೆ ಅದು ಹೊಟ್ಟೆಗೆ ಹಿತ. ಆದರೆ ಕುಮಟಾ, ಹೊನ್ನಾವರಕ್ಕೆ ಹೋಗಿ ಬಂಗಡೆ, ತಾರ್ಲೆ ಮೀನು ಮುಟ್ಟದೆ ಬಂದರೆ ಏನು ಬಂತು? ಊಟ ಬಿಟ್ಟು ದರ ಕೇಳಿ. ಅನ್ನ ಕುಚ್ಚಲಕ್ಕಿಯದು, ಒಗ್ಗದವರು ಬೆಳ್ತಿಗೆ (ಬಿಳಿ ಅಕ್ಕಿ) ಎಂದು ಹೇಳಿ ತರಿಸಿಕೊಳ್ಳಬೇಕು. ಮುದ್ದೆ ಸಿಗದು, ಅದಕ್ಕೆ ಮುಖ ಗಂಟಿಕ್ಕುವವರು ನಮ್ಮ ಕಡೆ ಬಹಳ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಗ ತಟ್ಟೆಗೆ ಬರುವ ಮೀನು ಐಸಿನದೇ ಇರಬಹುದು. ಆ ಎರಡು ತಿಂಗಳು ಹೋಗಬಾರದು ಎನ್ನಲು ಅದಕ್ಕಿಂತ ದೊಡ್ಡ ಕಾರಣವಿದೆ: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಈ ಊರುಗಳನ್ನು ಕೂಡಿಸುವ 66ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ.

ಟೆಂಪೋ ಬೇಡ ಎನ್ನುವವರಿಗೆ ರೈಲಿದೆ. ಬೆಂಗಳೂರಿನಿಂದ ಮಂಡ್ಯ, ಮೈಸೂರು, ಹಾಸನದ ಮೇಲೆ ಮುರುಡೇಶ್ವರಕ್ಕೆ ಹೋಗುವ 16585, ಮೈಸೂರನ್ನು ನಡುರಾತ್ರಿಯ ಸುಮಾರಿಗೆ ಬಿಟ್ಟು ಮರುದಿನ ಮಧ್ಯಾಹ್ನದ ಮೇಲೆ ತಲುಪಿಸುತ್ತದೆ. ಗಾಡಿಗಿಂತ ಹೆಚ್ಚು ಹೊತ್ತು ಹಿಡಿದರೂ ಬೆನ್ನು ನೆಟ್ಟಗಿರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 57 ಸುರಂಗದ ಘಾಟಿ ಕತ್ತಲಲ್ಲಿ ಕಳೆದುಹೋಗುವುದೊಂದೇ ಬೇಸರ. ಮಂಗಳೂರು ಸೆಂಟ್ರಲಿನಲ್ಲಿ ಎಂಜಿನ್ನು ತಿರುಗುವುದಕ್ಕೆ ಹೊತ್ತು ಹಿಡಿಯುತ್ತದೆ, ತಿಂಡಿ ಅಲ್ಲೇ ಮುಗಿಸಿ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಓಡುವ ದಿನ, ಸಮಯ ಬದಲಾಗುತ್ತಿರುತ್ತವೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ. ಕಾರವಾರದಿಂದ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ಹಾಸನದಿಂದ ಕುಣಿಗಲ್ ಮೇಲೆ ಬೆಂಗಳೂರಿಗೆ ಹೋಗುತ್ತದೆ, ಮೈಸೂರಿಗೆ ಬರುವುದಿಲ್ಲ. ವಾಪಸ್ ಟಿಕೆಟ್ ಮಾಡುವಾಗ ಎಡವುವುದು ಇಲ್ಲೇ. ಇನ್ನೊಂದು, ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ. ದೂರ, ಆಟೋ ದರ ಮೊದಲೇ ಮಾತಾಡಿ.

ಕೊನೆಗೆ ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಕಡಲೊಳಗಿನ ದ್ವೀಪ, ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಮುಳುಗುವ ಆಟ, ಇಲ್ಲಿನದೇ. ಪ್ಯಾಕೇಜಿನವರು ಇದನ್ನು 'ಐಚ್ಛಿಕ' ಎಂದು ಕೊನೆಯ ದಿನ ಬೆಳಗ್ಗೆ ಇಟ್ಟಿರುತ್ತಾರೆ, ಅಂದರೆ ಮುಳುಗಿ ಎದ್ದ ಮಧ್ಯಾಹ್ನವೇ ಊರಿಗೆ ಹೊರಡುವುದು. ಇದು ತಪ್ಪು. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಕರಗಿರುತ್ತದೆ, ಅದು ಹೊರಬರಲು ಸಮಯ ಬೇಕು. ಅಷ್ಟರೊಳಗೆ ಎತ್ತರಕ್ಕೆ ಏರಿದರೆ ಅದು ಮೈಯೊಳಗೇ ಗಾಳಿಗುಳ್ಳೆಯಾಗುವ ಅಪಾಯ. ಒಂದು ಸಲ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 12 ಗಂಟೆ ಬಿಡಬೇಕು ಎನ್ನುವ ನಿಯಮ ಇದಕ್ಕೇ. ಮಡಿಕೇರಿ 1,100 ಮೀಟರಿಗೂ ಮೇಲೆ, ಅಂದರೆ ವಿಮಾನದೊಳಗಿನ ಒತ್ತಡದ ಲೆಕ್ಕಕ್ಕೇ ಬಂತು. ಸ್ಕೂಬಾವನ್ನು ಮೊದಲ ಪೂರ್ತಿ ದಿನಕ್ಕೆ ತಂದುಕೊಳ್ಳಿ. ಈಜು ಬಾರದವರನ್ನೂ ಇಳಿಸುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್ ಆದವರು ಡಾಕ್ಟರ ಮಾತಿಲ್ಲದೆ ಇಳಿಯಬಾರದು. ನೆಗಡಿ ಇದ್ದರೂ ಬೇಡ: ಮೂಗು ಹಿಡಿದು ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಆಗದೆ ಕೆಲವೇ ಅಡಿಗೆ ಕಿವಿ ಸೀಳಿದಂತೆ ನೋಯುತ್ತದೆ. ದೋಣಿಯಲ್ಲಿ ವಾಂತಿ ಬರುವವರು ಹೊರಡುವ ಅರ್ಧ ಗಂಟೆ ಮೊದಲು ಮಾತ್ರೆ ನುಂಗಿ, ಇಡ್ಲಿಯಷ್ಟೇ ತಿಂದು, ದೋಣಿಯ ನಡುವೆ ಕೂತು ದೂರದ ದಡ ನೋಡುತ್ತಿರಲಿ. ದುಡ್ಡು ಕಟ್ಟುವ ಮುಂಚೆ ಎರಡು ಮಾತು ಕೇಳಿಕೊಳ್ಳಿ: ನೀರೊಳಗಿನ ನಿಮಿಷ ಎಷ್ಟು, ಗಾಳಿ ಎದ್ದು ದೋಣಿ ಬಿಡದಿದ್ದರೆ ದುಡ್ಡು ವಾಪಸ್ಸೋ ಬರೀ ತಾರೀಖು ಬದಲಾವಣೆಯೋ. ಮೈಸೂರಿನಿಂದ ಹೋದವರಿಗೆ ಬೇರೆ ತಾರೀಖು ಕೊಟ್ಟರೆ ಕೊಟ್ಟಂತೆ ಅಲ್ಲ.